ಎಡಗಿವಿಯ ಗುರುತು

ಲಿಂಗಸುಗೂರು
18 ಏಪ್ರಿಲ್ 2024, ಬೆಳಿಗ್ಗೆ

ಪ್ರೀತಿಯ ಶಾಜಿ,

ಈ ಕಾಗದದ ಜೊತೆ ಒಂದು ಸ್ಟೀಲ್ ಫ್ಲಾಸ್ಕ್ ಇದೆ. ಅದರ ತುಂಬ ಐಸು, ಐಸಿನ ನಡುವೆ ಆಡುಗಳ ಹಿರೇಬೇನೆಗೆ ಹಾಕುವ ಲಸಿಕೆಯ ಶೀಶೆ. ನಿಮ್ಮ ವಳಕಮದಿನ್ನಿಗೆ ಲಸಿಕೆಯವರು ಬರುವುದು ಮುಂದಿನ ತಿಂಗಳು ಎಂದು ಬರೆದಿದ್ದೆಯಲ್ಲ, ಅಲ್ಲಿಯವರೆಗೆ ಕಾಯಲು ನನಗೆ ಧೈರ್ಯವಾಗಲಿಲ್ಲ. ಇಲ್ಲಿಯ ಔಷಧಿ ಅಂಗಡಿಯವನು ಮೂರು ಸಲ ಹೇಳಿದ, "ಮೇಡಂ, ತಂಪು ಹೋತಂದ್ರ ಔಷಧ ಹೋತು. ಆಮ್ಯಾಲ ಅದು ಬರೇ ನೀರು." ಬೆಳಗಿನ ಬಸ್ಸಿನಲ್ಲಿ ಪಂಪಾಪತಿ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನಿನ್ನ ಗಂಡ ಮಂಜೂರನಿಗೆ ನಿನ್ನೆಯೇ ಹೇಳಿ ಕಳಿಸಿದ್ದೇನೆ, ಅಕ್ಕಿ ಗಿರಣಿಯಿಂದ ಊಟಕ್ಕೆ ಬಿಟ್ಟಾಗ ಸಿಂಧನೂರು ಬಸ್ ನಿಲ್ದಾಣದಲ್ಲಿ ಇಸಿದುಕೊಳ್ಳಲಿ. ಇವತ್ತು ಸಂಜೆಯೊಳಗೆ ಸೂಜಿ ಹಾಕಿಸಿಬಿಡು, ನನ್ನ ಆರಕ್ಕೂ ನಿನ್ನ ಆರಕ್ಕೂ.

ನಮ್ಮ ಮಾತು ಬರಹದಲ್ಲಿರಲಿ ಎಂದಿದ್ದೆ. ಬರೆಯುತ್ತೇನೆ. ಆರು ಆಡು ನನ್ನವು, ಸಾಕಣೆ ನಿನ್ನದು, ಹುಟ್ಟುವ ಮರಿಗಳು ಅರ್ಧರ್ಧ ಪಾಲು. ನನ್ನವಕ್ಕೆ ಎಡಗಿವಿಯ ತುದಿ ಸೀಳಿದ ಗುರುತು, ನಿನ್ನವಕ್ಕೆ ಬಲಗಿವಿ. ಪಾಲಿನ ಆಡು ಸತ್ತರೆ ಗುರುತಿನ ಕಿವಿ ಕೊಯ್ದು, ಉಪ್ಪು ಹಚ್ಚಿಟ್ಟು ಮಾಲಕರಿಗೆ ತೋರಿಸಬೇಕಂತೆ. ಮಾರಿಕೊಂಡು ಸತ್ತಿತು ಎನ್ನಬಾರದಲ್ಲ, ಅದಕ್ಕೆ. ನಮ್ಮಿಬ್ಬರ ನಡುವೆ ಆ ಪದ್ಧತಿ ಬೇಡ. ನೀನು ಸತ್ತಿತು ಅಂದರೆ ಸತ್ತಿತು.

ಇಪ್ಪತ್ತೊಂದು ವರ್ಷದಿಂದ ನಾನು ಕನ್ನಡದ ಅತಿಥಿ ಉಪನ್ಯಾಸಕಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ಕೂತ ಅತಿಥಿಯನ್ನು ಯಾರೂ ನೋಡಿರಲಿಕ್ಕಿಲ್ಲ. ಆದೇಶ ಮುಗಿದ ತಿಂಗಳುಗಳಲ್ಲಿ ಸಂಬಳವಿಲ್ಲ. ಆ ತಿಂಗಳುಗಳನ್ನು ಈ ಆಡುಗಳು ದಾಟಿಸಿದರೆ ನನಗೆ ಸಾಕು. ನಿನಗೆ ಬೇಕಾದದ್ದು ಮಂಜೂರ್ ಆ ಗಿರಣಿಯ ತೌಡಿನ ಧೂಳಿನಿಂದ ಹೊರಗೆ ಬರುವುದು. ಎರಡೂ ಆಗಲಿ.

ಫೋನು ಬೇಡ, ಕಾಗದವೇ ಇರಲಿ. ಮಂಜೂರನ ಫೋನಿನಲ್ಲಿ ಗಿರಣಿಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ, ನಿನ್ನದು ಅಂಗನವಾಡಿಯ ಫೋನು. ಮಸ್ಕಿ ಹೈಸ್ಕೂಲಿನಲ್ಲಿ ಬೆಂಚಿನ ಕೆಳಗೆ ಚೀಟಿ ದಾಟಿಸುತ್ತಿದ್ದೆವಲ್ಲ, ಈಗ ಬಸ್ಸಿನಲ್ಲಿ ದಾಟಿಸೋಣ.

ನಿನ್ನ
ರಾಜಿ


ವಳಕಮದಿನ್ನಿ
20 ಏಪ್ರಿಲ್ 2024

ರಾಜಿ,

ಫ್ಲಾಸ್ಕ್ ಮುಟ್ಟಿತು. ಮೊನ್ನೆ ಮಧ್ಯಾಹ್ನ ಮಂಜೂರ್ ಬಿಸಿಲಿನಲ್ಲಿ ನಿಂತು ಬರಿಗೈಯಲ್ಲಿ ಬಂದ, ನಿನ್ನೆ ಸಂಜೆ ಸಿಕ್ಕಿತು. ಪಂಪಾಪತಿಯ ಡ್ಯೂಟಿ ಬದಲಾಗಿರಬೇಕು. ಚಿಂತೆ ಮಾಡಬೇಡ, ಐಸು ಇನ್ನೂ ಸ್ವಲ್ಪ ಇತ್ತು. ನಮ್ಮ ಪಶುಸಖಿ ಶೇಖರಮ್ಮ ಇವತ್ತು ಬೆಳಿಗ್ಗೆ ಬಂದು ಹನ್ನೆರಡಕ್ಕೂ ಸೂಜಿ ಹಾಕಿ ಹೋದಳು. ಫ್ಲಾಸ್ಕ್ ನನ್ನ ಹತ್ತಿರವೇ ಇರಲಿ, ಅಂಗನವಾಡಿಗೆ ಚಹಾ ಒಯ್ಯಲು ಆಗುತ್ತದೆ.

ನಿನ್ನ ಕಾಗದ ಮಂಜೂರನಿಗೆ ಓದಿ ಹೇಳಿದೆ. "ನಿನ್ನ ಗೆಳತಿ ಆಡಿಗೂ ಪದ್ಯಾ ಓದಿಸ್ತಾಳೇನ ಬೇ? ಹಾಲು ಹೆಚ್ಚು ಕೊಡ್ತಾವಂದ್ರ ನಾಳಿಂದ ನಾನೂ ಓದ್ತೀನಿ" ಅಂದ. ಆಮೇಲೆ ಕೆಮ್ಮುತ್ತ ಕೂತ.

ನಮ್ಮ ದಿನ ಹೇಗೆಂದು ಕೇಳಿದ್ದೆ. ಐದಕ್ಕೆ ಎದ್ದು ಹಿಕ್ಕೆ ಬಳಿಯುತ್ತೇನೆ. ಮಂಜೂರ್ ಕಾಲುವೆ ಏರಿಯ ಮೇಲಿನ ಸುಬಾಬುಲ್ ಸೊಪ್ಪು ಕಡಿದು ತರುತ್ತಾನೆ. ಈ ಊರಿನಲ್ಲಿ ನೆಲ್ಲುಹುಲ್ಲಿಗೆ ಬರವಿಲ್ಲ, ಆದರೆ ಆಡು ನೆಲ್ಲುಹುಲ್ಲಿನ ಕಡೆ ನೋಡಿ ಮುಖ ತಿರುಗಿಸುತ್ತದೆ, ಮದುವೆಮನೆಯಲ್ಲಿ ಬೀಗರು ತಿರುಗಿಸಿದ ಹಾಗೆ. ಎಂಟಕ್ಕೆ ಅವನು ಗಿರಣಿಗೆ, ಎಂಟೂವರೆಗೆ ನಾನು ಮಕ್ಕಳ ಹತ್ತಿರ. ಮತ್ತೆ ಅವುಗಳ ಮುಖ ನೋಡುವುದು ಸಂಜೆ ಐದಕ್ಕೆ. ನಡುವಿನ ಎಂಟು ತಾಸು ಅವು ನಮ್ಮನ್ನು ನಂಬಿ ಕಟ್ಟಿದಲ್ಲೇ ನಿಂತಿರುತ್ತವೆ.

ಆ ಎಂಟು ತಾಸಿನದೇ ನನಗೆ ಹೆದರಿಕೆ.

ಶಾಜಿಯಾ


ವಳಕಮದಿನ್ನಿ
10 ನವೆಂಬರ್ 2024

ರಾಜಿ,

ಒಟ್ಟು ಒಂಬತ್ತು ಮರಿ. ನಿನ್ನ ಚುಕ್ಕಿ ಎರಡು ಹಾಕಿದ್ದಾಳೆ, ಎರಡೂ ಹೆಣ್ಣು. ಹಣೆಯ ಮೇಲೆ ತಾಯಿಯ ಬಿಳಿ ಬೊಟ್ಟು ಇಬ್ಬರಿಗೂ ಇದೆ. ನೀನು ಬಂದಾಗ ಚುಕ್ಕಿ ನಿನ್ನ ಸೆರಗು ತಿಂದಳಲ್ಲ, ಈಗ ನನ್ನ ಹಾಜರಿ ಪುಸ್ತಕದ ಮೂಲೆ ತಿಂದಿದ್ದಾಳೆ.

ಎರಡು ಸುದ್ದಿ ಇವೆ. ಮಂಜೂರ್ ಗಿರಣಿ ಬಿಟ್ಟ. ಹೋದ ತಿಂಗಳ ಕೊನೆಯ ವಾರದಲ್ಲಿಯೇ ಬಿಟ್ಟ, ನಿನಗೆ ಹೇಳಲು ನನಗೇ ಧೈರ್ಯ ಇರಲಿಲ್ಲ. ಮೇಸ್ತ್ರಿ, "ಹೋಗಪಾ, ಆಡು ಕಾಯೋ ಸಾವ್ಕಾರ" ಎಂದು ನಕ್ಕನಂತೆ. ನಗಲಿ. ಹದಿನೈದು ದಿನದಲ್ಲಿ ಅವನ ಕೆಮ್ಮು ಅರ್ಧ ಇಳಿದಿದೆ.

ಎರಡನೆಯದು, ಮಸ್ಕಿ ಸಂತೆಯಲ್ಲಿ ಒಂದು ಹೋತ ತಂದಿದ್ದೇವೆ. ಕಂದು ಬಣ್ಣ, ಗಟ್ಟಿ ಕಾಲು. ಬಾಡಿಗೆ ಹೋತಕ್ಕೆ ಪ್ರತಿ ಸಲ ಬೇರೆಯವರ ಬಾಗಿಲಿಗೆ ಹೋಗುವುದು ತಪ್ಪಿತು. ಅದನ್ನು ಹದಿನೈದು ದಿನ ಬೇರೆ ಕಟ್ಟಬೇಕು ಎಂದು ಶೇಖರಮ್ಮ ಹೇಳುತ್ತಾಳೆ. ಬೇರೆ ಕಟ್ಟಲು ಜಾಗ ನೋಡುತ್ತಿದ್ದೇವೆ.

ನನ್ನ ಅಂಗನವಾಡಿಯ ಗೋಡೆಗೆ ಹಾಕಲು ಮಕ್ಕಳ ಪದ್ಯ ಒಂದು ಬರೆದು ಕಳಿಸು. ಆಡಿನ ಮೇಲೆ ಇರಲಿ.

ಶಾಜಿಯಾ


ವಳಕಮದಿನ್ನಿ
27 ನವೆಂಬರ್ 2024

ರಾಜಿ,

ಹಿರೇಬೇನೆ ಬಂದಿದೆ.

ಮೊದಲು ಹೋತಕ್ಕೆ ಮೂಗು ಸುರಿಯಿತು. ಥಂಡಿಗೆ ಅಂದುಕೊಂಡೆವು. ನಾಲ್ಕನೆಯ ದಿನ ಬಾಯಿ ತೆರೆದು ನೋಡಿದರೆ ಒಸಡೆಲ್ಲ ಹುಣ್ಣು. ಆರನೆಯ ದಿನ ಸತ್ತಿತು. ಅಷ್ಟರಲ್ಲಿ ಉಳಿದವು ಮೇವು ಬಿಟ್ಟಿದ್ದವು. ಸೊಪ್ಪು ಹಿಡಿದರೆ ಬಾಯಿ ಹತ್ತಿರ ತಂದು, ನೋವಿಗೆ ತಲೆ ಹಿಂದೆ ತೆಗೆಯುತ್ತವೆ. ಹಸಿದಿವೆ, ತಿನ್ನಲಾಗುವುದಿಲ್ಲ. ಗಂಜಿ ಕುಡಿಸುತ್ತೇವೆ, ಕುಡಿದದ್ದು ಹಿಂದಿನಿಂದ ನೀರಾಗಿ ಹೋಗುತ್ತದೆ.

ಸಿಂಧನೂರಿನಿಂದ ಡಾಕ್ಟರ್ ಬಂದಿದ್ದರು. "ಸೂಜಿ ಹಾಕಿಸಿದ್ರೇನಮ್ಮಾ?" ಎಂದು ಕೇಳಿದರು. ಏಪ್ರಿಲ್‌ನಲ್ಲಿ ಹಾಕಿಸಿದ್ದೇವೆ ಅಂದೆ. "ಹಾಕಿಸಿದ್ರ ದೊಡ್ಡ ಆಡಿಗೆ ಹಿಂಗ ಬರಬಾರದಲ್ಲ" ಎಂದು ಎರಡು ಸಲ ಅಂದರು.

ಹೋತವನ್ನು ನಾವು ಬೇರೆ ಕಟ್ಟಲಿಲ್ಲ ರಾಜಿ. ಬೇರೆ ಕಟ್ಟಿದರೆ ಬೇರೆ ಮೇವು, ಬೇರೆ ಬಕೆಟ್ಟು, ಪ್ರತಿ ಸಲ ಕೈಕಾಲು ತೊಳೆದು ಈ ಕಡೆ ಬರಬೇಕು. ಆ ವಾರ ಮಂಜೂರ್ ತೊಗರಿ ಹೊಟ್ಟು ತರಲು ಮಸ್ಕಿ ಕಡೆ ಇದ್ದ, ನನಗೆ ಮಕ್ಕಳ ತೂಕ ಹಾಕುವ ಕೆಲಸ. ಎರಡು ದಿನ ಹೊರಗಿನ ಬೇವಿನ ಗಿಡಕ್ಕೆ ಕಟ್ಟಿ, ಮೂರನೆಯ ದಿನ ಒಳಗೆ ಬಿಟ್ಟೆ. ಬಿಟ್ಟವಳು ನಾನೇ.

ನನ್ನ ಎರಡು ಆಡು ಹೋದವು, ನಾಲ್ಕು ಮರಿ ಹೋದವು. ನಿನ್ನವು ಆರೂ ಇವೆ, ಹೆದರಬೇಡ.

ಕಾಲುವೆ ಆಚೆ ಸುಣ್ಣ ಹಾಕಿ ಹುಗಿಯುತ್ತಿದ್ದೇವೆ. ಫಿನಾಯಿಲ್‌ನಲ್ಲಿ ಕೈ ತೊಳೆದು ಮಕ್ಕಳಿಗೆ ತತ್ತಿ ಸುಲಿದು ಕೊಡುತ್ತೇನೆ. "ಟೀಚರ್, ನಿಮ್ಮ ಕೈ ದವಾಖಾನಿ ವಾಸನಿ ಬರಾಕತ್ತೈತಿ" ಅನ್ನುತ್ತವೆ.

ಶಾಜಿಯಾ


ಲಿಂಗಸುಗೂರು
30 ನವೆಂಬರ್ 2024

ಪ್ರೀತಿಯ ಶಾಜಿ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಮುಂದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಹೊಸದಾಗಿ ತಂದದ್ದನ್ನು ಬೇರೆ ಕಟ್ಟಬೇಕೆಂದು ಶೇಖರಮ್ಮ ಹೇಳಿದ್ದಳಲ್ಲ. ಎರಡು ವಾರದ ಮಾತು. ಕೆಲಸದ ಒತ್ತಡ ನನಗೂ ಗೊತ್ತು, ಆದರೂ ಮೂರನೆಯ ದಿನಕ್ಕೇ ಒಳಗೆ ಬಿಟ್ಟೆ ಎಂದು ಓದಿ ಸಂಕಟವಾಯಿತು. ಡಾಕ್ಟರ್ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಂತೆಯಿಂದ ಬಂದ ರೋಗ ಜೋರಾಗಿದ್ದರೆ ಯಾವ ಲಸಿಕೆ ಏನು ಮಾಡೀತು.

ಆದದ್ದು ಆಯಿತು. ಉಳಿದವನ್ನಾದರೂ ನೋಡಿಕೊ. ಚುಕ್ಕಿ ಹೇಗಿದ್ದಾಳೆ? ಅವಳ ಮರಿಗಳು?

ಮಕ್ಕಳ ಪದ್ಯ ಅರ್ಧ ಬರೆದಿಟ್ಟಿದ್ದೆ. ಈಗ ಬೇಡ ಅನ್ನಿಸುತ್ತಿದೆ.

ರಾಜಿ


ವಳಕಮದಿನ್ನಿ
16 ಡಿಸೆಂಬರ್ 2024

ರಾಜಿ,

ಬೇನೆ ನಿಂತಿತು. ಹತ್ತು ದಿನದಿಂದ ಏನೂ ಸತ್ತಿಲ್ಲ.

ನನ್ನವು ಆರೂ ಹೋದವು. ನಿನ್ನವು ಮೂರು ಹೋದವು, ಮೂರು ಉಳಿದಿವೆ. ಮರಿಗಳಲ್ಲಿ ಎರಡು ಉಳಿದಿವೆ. ಚುಕ್ಕಿ ಇದ್ದಾಳೆ. ಅವಳ ಮರಿಗಳು ಹೋದವು.

ಮಂಜೂರ್ ಗಿರಣಿಗೆ ಹೋಗಿ ಕೇಳಿದ. ಮೊದಲಿನ ಜಾಗದಲ್ಲಿ ಬೇರೆಯವರು ಬಂದಿದ್ದಾರೆ. ತೌಡಿನ ಕೋಣೆಯಲ್ಲಿ ಮಾತ್ರ ಕೆಲಸ ಇದೆ ಅಂದರು. ಹೋಗುತ್ತಿದ್ದಾನೆ.

ನೀನು ಹೇಳಿದ್ದು ಖರೆ. ಎರಡು ವಾರದ ಮಾತು ಇತ್ತು.

ಶಾಜಿಯಾ


ಲಿಂಗಸುಗೂರು
2 ಫೆಬ್ರುವರಿ 2025

ಶಾಜಿಯಾ,

ಜನವರಿಯಲ್ಲಿ ನೀನು ಮಂಜೂರ್ ಕೈಯಲ್ಲಿ ಪಂಪಾಪತಿಗೆ ಕೊಟ್ಟು ಕಳಿಸಿದ ಒಂದು ಮರಿಯ ಹಣ ಮುಟ್ಟಿದೆ. ಅದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬೇರೆ ಮಾತು ಬಾಯಿಗೆ ಬರುತ್ತಿತ್ತು. ಈಗ ಆ ಮಾತನ್ನೇ ಬರೆಯುತ್ತೇನೆ.

ಈ ಸೆಮಿಸ್ಟರ್ ಮುಗಿದಿದೆ. ಮುಂದಿನ ಆದೇಶ ಬಂದಿಲ್ಲ, ಈ ಸಲ ನನ್ನ ವಿಷಯಕ್ಕೆ ಪಾಠದ ಅವಧಿ ಕಡಿಮೆ ಎನ್ನುತ್ತಿದ್ದಾರೆ. ಮನೆ ಮಾಲಕರ ಎದುರು ಹಾದು ಹೋಗುವಾಗ ಚಪ್ಪಲಿಯ ಸದ್ದು ಕೂಡ ಜೋರಾಯಿತೇನೋ ಅನ್ನಿಸುತ್ತದೆ. ನಲವತ್ತೆಂಟು ವಯಸ್ಸಿಗೆ ಹೀಗೆ ನಡೆಯುವುದನ್ನು ಕಲಿಯುತ್ತಿದ್ದೇನೆ.

ಪಂಪಾಪತಿ ಮೊನ್ನೆ ಹೇಳಿದ, "ಮೇಡಂ, ಆವತ್ತು ನಿಮ್ಮ ಗೆಳತಿ ಗಂಡ ಮಸ್ಕಿ ಸಂತ್ಯಾಗ ಎರಡು ಮರಿ ಹಿಡಕೊಂಡು ನಿಂತಿದ್ದ ನೋಡ್ರಿ." ಹಣದ ಜೊತೆಯ ಚೀಟಿಯಲ್ಲಿ ನೀನು ಒಂದು ಎಂದು ಬರೆದಿದ್ದೆ. ಕಾಲೇಜಿನಲ್ಲಿ ಒಬ್ಬರಿಗೆ ನಮ್ಮ ವಿಷಯ ಹೇಳಿಕೊಂಡೆ. ಅವರು ನಕ್ಕರು. "ಪಾಲಿಗೆ ಬಿಟ್ಟ ಆಡು ಕಾಗದದಾಗ ಸಾಯ್ತಾವ್ರೀ, ಸಂತ್ಯಾಗ ಎದ್ದು ನಿಲ್ತಾವ. ಕಿವಿ ನೋಡಿರೇನು?" ಎಂದರು.

ನಾನು ನೋಡಿರಲಿಲ್ಲ. ಬೇಡವೆಂದವಳು ನಾನೇ.

ಸತ್ತ ನನ್ನ ಮೂರು ಆಡಿನ ಕಿವಿಗಳನ್ನು ಇಟ್ಟಿದ್ದರೆ ಪಂಪಾಪತಿಯ ಕೈಯಲ್ಲಿ ಕಳಿಸು. ಇಲ್ಲದಿದ್ದರೆ ಇಲ್ಲ ಎಂದು ಬರೆ. ಇದನ್ನು ಕೇಳುವುದು ನನಗೆ ಸುಲಭವಲ್ಲ ಎಂದು ನಿನಗೆ ಗೊತ್ತು.

ರಾಜಶ್ರೀ


ವಳಕಮದಿನ್ನಿ
9 ಫೆಬ್ರುವರಿ 2025

ರಾಜಶ್ರೀ ಮೇಡಂ ಅವರಿಗೆ,

ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಿವಿಗಳಿವೆ. ನೀವು ಬೇಡ ಎಂದಿದ್ದರೂ ಕೊಯ್ದಿಟ್ಟಿದ್ದೆ. ಇನ್ನೊಬ್ಬರ ಮಾಲು ಮನೆಯಲ್ಲಿ ಇಟ್ಟುಕೊಂಡವರು ಮಾಡುವ ಕೆಲಸ ಅದು. ಉಪ್ಪು ಹೆಚ್ಚಾಗಿ ಹಚ್ಚಿದ್ದೇನೆ, ವಾಸನೆ ಬರುವುದಿಲ್ಲ. ನೀವು ಕೇಳಿದ್ದು ಮೂರು. ಎಣಿಸಿ ನೋಡಿರಿ.

ಆರು ಇವೆ. ಆರೂ ಎಡಗಿವಿ, ಆರರ ತುದಿಯೂ ಸೀಳಿದೆ.

ಬಿಳಿ ಕೂದಲು ಇರುವುದು ಚುಕ್ಕಿಯದು. ಹೋತದ ಹಿಂದೆ ಮೊದಲು ಸತ್ತದ್ದು ಅವಳೇ. "ನಿನ್ನವು ಆರೂ ಇವೆ" ಎಂದು ನಾನು ಬರೆದ ದಿನ ಅವಳನ್ನು ಹುಗಿದು ಮೂರು ದಿನವಾಗಿತ್ತು.

ರಾಜಿ, ನಿನ್ನವೆಲ್ಲ ಹೋದವು. ಹೋತ ಒಳಗೆ ಬಿಟ್ಟ ಮೇಲೆ ಅದರ ಮಗ್ಗುಲಲ್ಲಿದ್ದ ಸಾಲು ನಿನ್ನದು. ನನ್ನ ಆರರಲ್ಲಿ ಮೂರು ಉಳಿದವು. ರೋಗ ತಂದವಳು ನಾನು, ಮತ್ತೆ ನನ್ನವು ಉಳಿದು ನಿನ್ನವು ಸತ್ತವು ಎಂದು ಯಾವ ಬಾಯಿಯಿಂದ ಹೇಳಲಿ? ಅದಕ್ಕೆ ಉಳಿದ ಮೂರನ್ನು ನಿನ್ನವು ಅಂದೆ. ಬರೇ ಬರೆಯಲಿಲ್ಲ, ಮಾಡಿದೆ. ಮಂಜೂರ್ ಹಿಡಿದುಕೊಂಡ, ನಾನು ಕತ್ತರಿಯಿಂದ ಅವುಗಳ ಎಡಗಿವಿಯನ್ನೂ ಸೀಳಿದೆ. ಆಗಷ್ಟೇ ಬೇನೆಯಿಂದ ಎದ್ದಿದ್ದವು, ಕೂಗಲೂ ಶಕ್ತಿ ಇರಲಿಲ್ಲ. "ಹುಚ್ಚಿ ಅದೀ ನೀ. ಆಕಿ ಏನ್ ನೋಡಾಕ ಬರ್ತಾಳೇನು?" ಅಂದ ಮಂಜೂರ್. ಬಂದರೆ ಇರಲಿ ಅಂದೆ.

ಸಂತೆಗೆ ಎರಡು ಮರಿ ಒಯ್ದದ್ದು ನಿಜ. ಒಂದು ಮಾರಿತು, ಅದರ ಪೂರ್ತಿ ಹಣ ನಿನಗೆ ಕಳಿಸಿದೆ. ಇನ್ನೊಂದನ್ನು ಯಾರೂ ಮುಟ್ಟಲಿಲ್ಲ. "ವಳಕಮದಿನ್ನಿದೇನು? ಅಲ್ಲಿ ಬ್ಯಾನಿ ಐತಿ, ಒಯ್ಯಿ ಮಾರಾಯ" ಅಂದರಂತೆ. ಟವೆಲಿನಲ್ಲಿ ಸುತ್ತಿಕೊಂಡು ವಾಪಸ್ ತಂದ. ಪಂಪಾಪತಿ ಅದನ್ನೂ ನೋಡಿರಬೇಕು, ಹೇಳಲಿಲ್ಲವೇ?

ಎರಡೂ ಕಿವಿ ಸೀಳಿದ ಮೂರು ಆಡು ಇಲ್ಲಿವೆ. ಯಾವಾಗ ಬೇಕಾದರೂ ಬಂದು ಒಯ್ಯಿ. ಆದರೆ ಇನ್ನು ಮೇಲೆ ಪಾಲು ಬೇಡ.

ಶಾಜಿಯಾ


ಲಿಂಗಸುಗೂರು
12 ಫೆಬ್ರುವರಿ 2025

ಶಾಜಿ,

ಡಬ್ಬಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೇ ತೆರೆದೆ. ಕಿವಿಗಳು ಒಣ ಎಲೆಯ ಹಾಗಿದ್ದವು. ಮೇಲೆತ್ತಿದರೆ ಉಪ್ಪು ಉದುರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ನಾನು ಅಲ್ಲೇ ಕೂತಿದ್ದೆ.

ಹೋದ ಏಪ್ರಿಲ್ 18ರಂದು ಬೆಳಗಿನ ಬಸ್ಸಿಗೆ ಫ್ಲಾಸ್ಕ್ ಕೊಡುತ್ತೇನೆ ಎಂದು ಬರೆದಿದ್ದೆ. ಕೊಡಲಿಲ್ಲ. ಮನೆಯಿಂದ ಹೊರಟಾಗ ಕಾಲೇಜಿನಿಂದ ಕರೆ ಬಂತು, ಪರೀಕ್ಷೆಯ ಕೋಣೆಗೆ ಒಬ್ಬರು ಬಂದಿಲ್ಲ, ತಕ್ಷಣ ಬನ್ನಿ ಎಂದು. ಆದೇಶ ನವೀಕರಿಸುವ ಸಮಯ, ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ನಿಲ್ದಾಣಕ್ಕೆ ಹೋಗಿ ಬರಲು ಹತ್ತು ನಿಮಿಷ ಬೇಕಿತ್ತು. ಆ ಹತ್ತು ನಿಮಿಷಕ್ಕೂ ಹೆದರಿದೆ. ಫ್ಲಾಸ್ಕ್ ಸ್ಟಾಫ್ ರೂಮಿನ ಕಪಾಟಿನ ಮೇಲೆ ಇತ್ತು. ಸಂಜೆ ಅದನ್ನು ಅಲ್ಲೇ ಮರೆತು ಮನೆಗೆ ಬಂದೆ. ಮರುದಿನ ಮಧ್ಯಾಹ್ನ ನೆನಪಾಗಿ ಕೊಟ್ಟು ಕಳಿಸಿದೆ. ಕೊಡುವ ಮೊದಲು ಅಲುಗಾಡಿಸಿ ನೋಡಿದೆ. ಐಸಿನ ಸದ್ದು ಇರಲಿಲ್ಲ, ನೀರಿನ ಸದ್ದು ಇತ್ತು.

ಐಸು ಇನ್ನೂ ಇತ್ತು ಎಂದು ನೀನು ಬರೆದೆ. ಇರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ನಂಬಿದೆ, ಅದು ಅನುಕೂಲವಾಗಿತ್ತು. ಸೂಜಿ ಹಾಕಿಸಿದ್ದರೆ ಬೇನೆ ಬರಬಾರದು ಎಂದು ಡಾಕ್ಟರ್ ಅಂದದ್ದನ್ನು ಓದಿದ ದಿನ ನಿನಗೆ ಹೇಳಬೇಕಿತ್ತು. ಅದರ ಬದಲು ಎರಡು ವಾರದ ಮಾತು ಎಂದು ನಿನ್ನ ಮೇಲೇ ಹೊರಿಸಿದೆ. ಹೋತ ರೋಗ ತಂದಿರಬಹುದು. ಲಸಿಕೆ ಲಸಿಕೆಯಾಗಿ ಉಳಿದಿದ್ದರೆ ಅದು ಹೋತದಲ್ಲೇ ಮುಗಿಯುತ್ತಿತ್ತು.

ಮಂಜೂರ್ ತೌಡಿನ ಕೋಣೆಗೆ ಹೋಗುತ್ತಿರುವುದು ನನ್ನ ಆ ಹತ್ತು ನಿಮಿಷದಿಂದ. ಆ ಕಾಲೇಜು ಈಗ ನನ್ನನ್ನು ಕರೆದಿಲ್ಲ. ಕರೆಯುವ ಸೂಚನೆಯೂ ಇಲ್ಲ.

ಆ ಮೂರು ಆಡು ನಿನ್ನವು. ಮರಿಯ ಹಣ ಈ ಕಾಗದದ ಜೊತೆ ಇದೆ. ಕ್ಷಮಿಸು ಎಂದು ಬರೆದರೆ ಅದಕ್ಕೂ ನೀನೇ ಉತ್ತರ ಹುಡುಕಬೇಕಾಗುತ್ತದೆ. ಅದಕ್ಕೆ ಬರೆಯುವುದಿಲ್ಲ.

ರಾಜಿ


ವಳಕಮದಿನ್ನಿ
3 ಮಾರ್ಚ್ 2025

ರಾಜಿ,

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಮಂಜೂರನಿಗೆ ನಿನ್ನ ಕಾಗದ ಓದಿ ಹೇಳಿಲ್ಲ, ಹೇಳುವುದೂ ಇಲ್ಲ. ಅವನು ಈಗ ಕೂತೇ ಮಲಗುತ್ತಾನೆ. ಅಡ್ಡಾದರೆ ಕೆಮ್ಮು ಏಳುತ್ತದೆ.

ಆ ದಿನ ಫ್ಲಾಸ್ಕ್ ತೆರೆದಾಗ ನೀರು ಬೆಚ್ಚಗಿತ್ತು, ಮಕ್ಕಳಿಗೆ ಮೈ ತೊಳೆಯುವಷ್ಟು. ಶೇಖರಮ್ಮ ಶೀಶೆ ಕೈಯಲ್ಲಿ ಹಿಡಿದು, "ಅಕ್ಕಾ, ಇದು ತಣ್ಣಗಿಲ್ಲಲ್ಲ, ಹಾಕಲೋ ಬ್ಯಾಡೋ?" ಎಂದು ಕೇಳಿದಳು. ನೀನು ಕೈಯಿಂದ ದುಡ್ಡು ಹಾಕಿ ತಂದ ಔಷಧ. ಬೇಡ ಅಂದರೆ ನಿನಗೆ ತಿಳಿಯುತ್ತದೆ, ತಿಳಿದರೆ ನಿನ್ನ ಮನಸ್ಸಿಗೆ ಹತ್ತುತ್ತದೆ. ಹಾಕು ಅಂದೆ. ಮುಂದಿನ ತಿಂಗಳು ಊರಿಗೆ ಲಸಿಕೆಯವರು ಬಂದರು. ನಮ್ಮವಕ್ಕೆ ಆಗಿದೆ ಎಂದು ಅವರನ್ನು ಬಾಗಿಲಿನಿಂದಲೇ ಕಳಿಸಿದೆ.

ಅರ್ಧ ನಿನ್ನದು, ಅರ್ಧ ನನ್ನದು.

ಆಡು ಯಾರವು ಎಂದು ಈಗ ಅವುಗಳ ಕಿವಿ ನೋಡಿ ಯಾರೂ ಹೇಳುವ ಹಾಗಿಲ್ಲ. ಇರುವ ತನಕ ಇರುತ್ತವೆ. ಬೆಳಿಗ್ಗೆ ಐದಕ್ಕೆ ನಾನೊಬ್ಬಳೇ ಸೊಪ್ಪು ಕಡಿದು ತರುತ್ತೇನೆ. ಒಂದು ಆಡು ಹೋದ ವಾರ ಸತ್ತ ಮರಿ ಹಾಕಿತು. ಕುಡಿಯಲು ಮರಿ ಇಲ್ಲ, ಕೆಚ್ಚಲು ಬಿಗಿದು ಒದರುತ್ತದೆ, ಅದಕ್ಕೆ ಹಾಲು ಕರೆಯುತ್ತೇನೆ.

ಫ್ಲಾಸ್ಕ್ ವಾಪಸ್ ಕಳಿಸಿದ್ದೇನೆ. ಅದರಲ್ಲಿ ಆ ಹಾಲಿದೆ, ಕಾಸಿ ತಣ್ಣಗೆ ಮಾಡಿ ಹಾಕಿದ್ದೇನೆ. ಪಂಪಾಪತಿಗೆ ಕೊಟ್ಟಾಗ ಬೆಳಿಗ್ಗೆ ಒಂಬತ್ತು ಹತ್ತು. ನಿನಗೆ ಎಷ್ಟಕ್ಕೆ ಮುಟ್ಟಿತು ಎಂದು ಬರಿ. ತೆರೆದು ನೋಡಿ, ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರಿ.

ಶಾಜಿ